ಹುತ್ತದೊಳಗಿನ ಒಕ್ಕಲು
(ಬಾನುಲಿ ಭಾಷಣ)

ಹುತ್ತವೆಂದೊಡನೆ ನಮ್ಮ ನೆನಪಿಗೆ ಬರುವುದು ಹಾವು. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಹೆಣ್ಣುಮಕ್ಕಳು ಹುತ್ತಕ್ಕೆ ತನಿಯೆರೆಯುವುದು ನಾಗಪ್ಪನಿಗಾಗಿಯೇ ಹೊರತು ಅದನ್ನು ಕಟ್ಟಿದ ಗೆದ್ದಲಿಗಾಗಿ ಅಲ್ಲ. ಗೆದ್ದಲು ಕಟ್ಟಿದ ಮನೆ ಹಾವಿನ ಪಾಲಾಯಿತೆಂಬ ಅರ್ಥದ ಗಾದೆಯೂ ನಮ್ಮಲ್ಲಿದೆ. ಆದಿಕವಿಯ ಹೆಸರೇ ವಲ್ಮೀಕದಿಂದ ಬಂದದ್ದು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಅಂತರ್ಜಲದ ಕುರುಹುಗಳನ್ನು ಹೇಳುವಾಗ ಹುತ್ತವನ್ನೂ ಎಣಿಸಿದ್ದಾನೆ. ಹುತ್ತದ ಹೊರಗನ್ನು ಇಷ್ಟೊಂದು ಬಲ್ಲ ನಾವು ಅದರ ಒಳಗನ್ನು ನೋಡಿದ್ದು ಕಡಮೆ.

ಒಳಗೆ ನಡೆಯುವುದು ಬೇಸಾಯ. ಗೆದ್ದಲನ್ನು ಬಿಳಿಯಿರುವೆಯೆಂದು ಕರೆಯುವುದುಂಟಾದರೂ ಅದು ಇರುವೆಯ ಕುಲದ್ದಲ್ಲ, ಜಿರಲೆಯ ಬಂಧು. ನಮ್ಮ ಹೊಲಗಳಲ್ಲಿ ಎತ್ತರದ ಹುತ್ತ ಕಟ್ಟುವ ಗೆದ್ದಲಿಗೆ ಒಣಮರವನ್ನು ತಾನಾಗಿ ಪೂರ್ತಿ ಅರಗಿಸಿಕೊಳ್ಳುವ ಶಕ್ತಿಯಿಲ್ಲ. ಆದುದರಿಂದ ಅದು ತರಗೆಲೆ, ಕಟ್ಟಿಗೆಗಳನ್ನು ತಿಂದು, ಅರೆಜೀರ್ಣವಾದ ಹಿಕ್ಕೆಯಿಂದ ಜೇನುಹುಟ್ಟಿಯನ್ನು ಹೋಲುವ ಪಾತಿ ಕಟ್ಟುತ್ತದೆ. ಆ ಪಾತಿಯಲ್ಲಿ ಶಿಲೀಂಧ್ರ ಬೆಳೆದು ಮರದ ಕಠಿಣಾಂಶವನ್ನು ಕರಗಿಸುತ್ತದೆ. ಗೆದ್ದಲಿಗೆ ಅದೇ ಊಟ. ಮಳೆ ಬಿದ್ದ ಮೇಲೆ ಹುತ್ತದ ಮೇಲೆ ಏಳುವ ಅಣಬೆ ಈ ಬೆಳೆಯ ಹೂವು. ಸುಮಾರು 3 ಕೋಟಿ ವರ್ಷಗಳಿಂದ ನಡೆದು ಬಂದಿರುವ ಈ ಒಕ್ಕಲುತನದ ಮುಂದೆ ಮನುಷ್ಯನ ಕೃಷಿ ನಿನ್ನೆ ಮೊನ್ನೆಯದು.

ಇದನ್ನು ಮೊದಲು ಬರೆದಿಟ್ಟವರಲ್ಲಿ ಒಬ್ಬ ಯೋಹಾನ್ ಗೆರಾರ್ಡ್ ಕೋನಿಗ್. ಈತ ಪ್ರಸಿದ್ಧ ಸಸ್ಯವಿಜ್ಞಾನಿ ಲಿನೇಯಸ್ಸನ ಶಿಷ್ಯ. ತರಂಗಂಬಾಡಿಯ ಡೇನಿಶ್ ವಸಾಹತಿನಲ್ಲಿ ವೈದ್ಯನಾಗಿದ್ದವನು. ತಂಜಾವೂರು ಸೀಮೆಯ ಹುತ್ತಗಳನ್ನು ಅಗೆದು ನೋಡಿ, 1779ರಲ್ಲಿ ಅವುಗಳೊಳಗಿನ ಶಿಲೀಂಧ್ರವನ್ನು ವರ್ಣಿಸಿದ. ಎಲೆ ಕತ್ತರಿಸುವ ಅಮೆರಿಕದ ಇರುವೆಗಳೂ ಶಿಲೀಂಧ್ರ ಬೆಳೆಯುತ್ತವೆಂದು ಥಾಮಸ್ ಬೆಲ್ಟ್ ನಿಕರಾಗುವಾದ ಅನುಭವದಿಂದ ಬರೆದದ್ದು 1874ರಲ್ಲಿ. ಆಲ್ಫ್ರೆಡ್ ಮೊಲ್ಲರ್ ಬ್ರೆಜಿಲಿನಲ್ಲಿ ಅದನ್ನು ಸಿದ್ಧಪಡಿಸಿದ್ದು 1893ರಲ್ಲಿ. ಜಗತ್ತಿನಲ್ಲಿ ಹೆಸರಾದದ್ದು ಆ ಇರುವೆ. ಅದಕ್ಕೆ ಸುಮಾರು ಒಂದು ಶತಮಾನ ಮೊದಲೇ ದಕ್ಷಿಣ ಭಾರತದ ಮಣ್ಣಿನಲ್ಲಿ ಇಂಥದೇ ಸಂಗತಿ ಕಂಡಿತ್ತೆಂಬುದನ್ನು ನಾವೇ ಮರೆತೆವು. 1906ರಲ್ಲಿ ಸಿಂಹಳದ ಪೆರಡೇನಿಯದಲ್ಲಿ ಟಾಮ್ ಪೆಚ್ ಈ ಶಿಲೀಂಧ್ರಗಳನ್ನು ಕುರಿತು ವಿಸ್ತಾರವಾಗಿ ಬರೆದ. 1942ರಲ್ಲಿ ಫ್ರಾನ್ಸಿನ ರೋಜೆ ಎಮ್ ಇವಕ್ಕೆ ಟರ್ಮಿಟೋಮೈಸಿಸ್ ಎಂಬ ಕುಲನಾಮ ಕೊಟ್ಟ.

ಈಗ ಆ ಅಧ್ಯಯನ ನಮ್ಮ ನೆರೆಗೇ ಬಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1983ರಲ್ಲಿ ಆರಂಭವಾದ ಪರಿಸರ ವಿಜ್ಞಾನ ಕೇಂದ್ರದಲ್ಲಿ ರೆನೀ ಬೊರ್ಜೆಸ್ ಮತ್ತು ಅವರ ವಿದ್ಯಾರ್ಥಿಗಳು ಗೆದ್ದಲಿನ ತೋಟದ ಕಳೆಯನ್ನು ಕುರಿತು ಸಂಶೋಧಿಸಿದರು. ತಾನು ಬೆಳೆದ ಶಿಲೀಂಧ್ರವನ್ನೂ ಕಳೆಯಾಗಿ ಬಂದ ಶಿಲೀಂಧ್ರವನ್ನೂ ಗೆದ್ದಲು ವಾಸನೆಯಿಂದಲೇ ಬೇರ್ಪಡಿಸಿ, ಕಳೆಯನ್ನು ಮಣ್ಣಿನಲ್ಲಿ ಹೂಳುತ್ತದೆಂದು ಅವರು 2017ರಲ್ಲಿ ಪ್ರಕಟಿಸಿದರು. ಹುತ್ತದ ಮಣ್ಣು ಗಟ್ಟಿಯಾಗುವ ಬಗೆಯನ್ನು ಅರಿಯಲು ಅದೇ ಸಂಸ್ಥೆಯ ಸಿವಿಲ್ ಎಂಜಿನಿಯರಿಂಗ್ ವಿಭಾಗದವರೂ ಕೈಜೋಡಿಸಿದರು. ಹಗಲಿರುಳಿನ ಉಷ್ಣತೆಯ ಏರಿಳಿತವೇ ಹುತ್ತಕ್ಕೆ ಉಸಿರಾಡಿಸುತ್ತದೆಂಬುದು 2015ರಲ್ಲಿ ತಿಳಿದುಬಂದದ್ದು ಬೆಂಗಳೂರಿನ ಹುತ್ತಗಳಿಂದಲೇ.

ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರು. ಆದರೆ ನಮ್ಮ ಹುಡುಗರಿಗೆ ಆ ದಾರಿ ಬಹು ದೂರ. ನಾನು ಕನ್ನಡ ಹೇಳಿಕೊಟ್ಟವನು. ನನ್ನ ತರಗತಿಗಳಲ್ಲಿ ಕುಳಿತ ಬಿ.ಎಸ್‌ಸಿ. ವಿದ್ಯಾರ್ಥಿಗಳಲ್ಲಿ ಯಾವ ಹುತ್ತದಲ್ಲಿ ಯಾವ ಮಳೆಗೆ ಅಣಬೆ ಏಳುತ್ತದೆಂದು ಬಲ್ಲವರಿದ್ದರು. ಅದು ಸಂಶೋಧನೆಯ ವಸ್ತುವಾದೀತೆಂದು ಅವರಿಗೆ ಯಾರೂ ಹೇಳಿರಲಿಲ್ಲ. ವಿಜ್ಞಾನ ಸಂಸ್ಥೆಯಲ್ಲಿ ಪದವಿಯ ಬಳಿಕ ಸೇರಬಹುದಾದ ಸಂಯೋಜಿತ ಪಿಎಚ್.ಡಿ. ಇದೆ, ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದಲ್ಲಿ ಕೃಷಿ ಪದವೀಧರರಿಗೆ ಕೀಟಶಾಸ್ತ್ರದ ವ್ಯಾಸಂಗವಿದೆ. ಅರ್ಹತಾಪರೀಕ್ಷೆಗಳಲ್ಲಿ ಗೆದ್ದವರಿಗೆ ಶಿಷ್ಯವೇತನವೂ ಉಂಟು. ಪರೀಕ್ಷೆಯ ಭಾಷೆ ಮಾತ್ರ ಕನ್ನಡವಲ್ಲ.

ಅಲ್ಲಿಗೆ ಬೇಕಾದ ಇಂಗ್ಲಿಷನ್ನು ಎರಡು ವರ್ಷಗಳಲ್ಲಿ ಕಲಿಯಬಹುದು. ಆದರೆ ಹೊಲದಲ್ಲಿ ಬೆಳೆದ ಕಣ್ಣನ್ನು ಯಾವ ಪ್ರಯೋಗಶಾಲೆಯೂ ಕೊಡಲಾರದು. ಬಡಾವಣೆಗಳಿಗಾಗಿ ಹುತ್ತಗಳನ್ನು ನೆಲಸಮ ಮಾಡುತ್ತಿರುವ ಈ ಕಾಲದಲ್ಲಿ ಆ ಕಣ್ಣಿಗೂ ಆಯುಸ್ಸು ಕಡಮೆ. ಕೋನಿಗ್ ಕಂಡದ್ದು ಜರ್ಮನ್ ಭಾಷೆಯಲ್ಲಿ ಉಳಿಯಿತು. ಗುಬ್ಬಿಯ ಹುಡುಗಿಯೊಬ್ಬಳು, ಕುಣಿಗಲ್ಲಿನ ಹುಡುಗನೊಬ್ಬ ಕಾಣಲಿರುವುದು ಕನ್ನಡದಲ್ಲಿಯೂ ಉಳಿಯಬೇಕು. ಅದಕ್ಕೆ ಮೊದಲು ಅವರ ಮನೆಯವರಿಗೂ ಮೇಷ್ಟರಿಗೂ ಈ ಬಾಗಿಲು ಇದೆಯೆಂಬುದಾದರೂ ಗೊತ್ತಿರಬೇಕು.