ಬೀದಿಯ ದುರಸ್ತಿ ಮತ್ತು ಪೌರಸಭೆಯ ಅಧಿಕಾರ

ಬೀದಿ ಹಾಳಾದಾಗ ಪೌರನು ಮೊದಲು ದೂರುವುದು ಪೌರಸಭೆಯನ್ನು. ಆದರೆ ಹೊಣೆಗೆ ತಕ್ಕ ಅಧಿಕಾರ ಆ ಸಭೆಗೆ ಎಂದಾದರೂ ದೊರೆತಿತ್ತೇ? ಬೆಂಗಳೂರಿನ ನಿದರ್ಶನದಿಂದ ಈ ಪ್ರಶ್ನೆಯನ್ನು ಪರಿಶೀಲಿಸಬಯಸುತ್ತೇವೆ.

ಬೀದಿ, ಚರಂಡಿಗಳ ದುರಸ್ತಿಯೇ ಮೊದಲಾದ ಕಾರ್ಯಗಳಿಗಾಗಿ ಪಟ್ಟಣಗಳಲ್ಲಿ ಮಂಡಲಿಗಳನ್ನು ನೇಮಿಸಲು 1850ರ 26ನೆಯ ಶಾಸನವು ಅವಕಾಶವಿತ್ತಿತು. ಅದರಂತೆ 1862ರಲ್ಲಿ ಬೆಂಗಳೂರಿನ ಪೌರಮಂಡಲಿಯು ಸ್ಥಾಪಿತವಾಯಿತು. ಸಂಸ್ಥಾನವು ಆಗ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದಿತು. ಮಂಡಲಿಯ ಸದಸ್ಯರು ನೇಮಕಗೊಂಡವರೇ ಹೊರತು ಚುನಾಯಿತರಲ್ಲ. ಸರ್ಕಾರವು ಸ್ಥಳೀಯ ಮಂಡಲಿಗಳನ್ನು ಒಳಗಿನಿಂದ ನಡೆಸದೆ ಹೊರಗಿನಿಂದ ನೋಡಿಕೊಳ್ಳಬೇಕೆಂಬ ತತ್ತ್ವವನ್ನು 1882ರಲ್ಲಿ ರಿಪ್ಪನ್ ಪ್ರಭುವು ಬ್ರಿಟಿಷ್ ಇಂಡಿಯಾಕ್ಕಾಗಿ ಸಾರಿದನು.

ನಗರ ಮತ್ತು ದಂಡಿನ ಪೌರಸಭೆಗಳು 1949ರಲ್ಲಿ ಒಂದುಗೂಡಿ ಕಾರ್ಪೊರೇಷನ್ ಆಯಿತು. ಆದರೆ 1964ರಲ್ಲಿ ಜಲಮಂಡಲಿಯೂ 1976ರಲ್ಲಿ ಅಭಿವೃದ್ಧಿ ಪ್ರಾಧಿಕಾರವೂ ಪ್ರತ್ಯೇಕ ಸಂಸ್ಥೆಗಳಾಗಿ ರೂಪುಗೊಂಡುವು. ಇವೆರಡೂ ರಾಜ್ಯ ಸರ್ಕಾರಕ್ಕೆ ಅಧೀನವಾದುವು. ಹೀಗೆ ಕಾರ್ಪೊರೇಷನ್ನು ಡಾಂಬರು ಹಾಕಿಸಿದ ಬೀದಿಯನ್ನು ಅದಕ್ಕೆ ಉತ್ತರ ಹೇಳಬೇಕಾಗಿಲ್ಲದ ಸಂಸ್ಥೆಯು ಕೊಳವೆಗಾಗಿ ಅಗೆಯುವಂತಾಯಿತು. ದೂರು ಮಾತ್ರ ಕಾರ್ಪೊರೇಷನ್ನಿನ ಪಾಲಿಗೆ ಉಳಿಯಿತು.

ಸಂವಿಧಾನದ 74ನೆಯ ತಿದ್ದುಪಡಿಯು 1993ರ ಜೂನ್ 1ರಂದು ಜಾರಿಗೆ ಬಂದಿತು. ಅದು ಸೇರಿಸಿದ 12ನೆಯ ಅನುಸೂಚಿಯ 18 ವಿಷಯಗಳಲ್ಲಿ ರಸ್ತೆ ಮತ್ತು ಸೇತುವೆಗಳೂ ಒಂದು. ಆದರೆ ರಾಜ್ಯ ಶಾಸನಸಭೆಯು ಈ ಅಧಿಕಾರಗಳನ್ನು 'ನೀಡಬಹುದು' ಎಂದಿದೆಯೇ ವಿನಾ 'ನೀಡತಕ್ಕದ್ದು' ಎಂದಿಲ್ಲ. 2020ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಚುನಾಯಿತ ಸಭೆಯ ಅವಧಿ ಮುಗಿದಿತು. ಮುಂದಿನ ಐದು ವರ್ಷಗಳಲ್ಲಿ ಚುನಾವಣೆಯೇ ನಡೆಯಲಿಲ್ಲ.

ಆದುದರಿಂದ ಬೀದಿಯ ಹೊಂಡವನ್ನು ಕೇವಲ ಜಲ್ಲಿ, ಡಾಂಬರುಗಳ ಕೊರತೆಯೆಂದು ಎಣಿಸುವುದು ಸಾಲದು. ಹೊಣೆಯನ್ನು ಒಬ್ಬರಿಗೂ ಅಧಿಕಾರವನ್ನು ಇನ್ನೊಬ್ಬರಿಗೂ ಹಂಚಿದ ದೀರ್ಘ ಚರಿತ್ರೆಯೂ ಅದರಲ್ಲಿ ಅಡಗಿದೆಯೆಂಬುದು ನಮ್ಮ ಅಭಿಪ್ರಾಯ.