ಮಗನ ಪಾತ್ರ ಸಿಕ್ಕಿತು, ಅಪ್ಪನದು ಸಿಗಲಿಲ್ಲ

1937ರಲ್ಲಿ ತೆರೆಕಂಡ ‘ದಿ ಗುಡ್ ಅರ್ತ್’ ಚೀನಾದ ಬಡ ರೈತ ದಂಪತಿಯ ಕಥೆ. ಪರ್ಲ್ ಬಕ್ ಕಾದಂಬರಿಯನ್ನು ಆಧರಿಸಿದ ಈ ಚಿತ್ರದಲ್ಲಿ ಗಂಡನಾದವರು ಪಾಲ್ ಮುನಿ, ಹೆಂಡತಿಯಾದವರು ಲೂಯಿಸ್ ರೈನರ್. ಇಬ್ಬರೂ ಯುರೋಪಿನಲ್ಲಿ ಹುಟ್ಟಿದ ಬಿಳಿಯರು. ಚೀನೀ ಮೂಲದ ಅಮೆರಿಕನ್ ತಾರೆ ಅನಾ ಮೇ ವಾಂಗ್ ಹೆಂಡತಿಯ ಪಾತ್ರಕ್ಕೆ ಆಸೆಪಟ್ಟಿದ್ದರು. ಆದರೆ ಗಂಡ ಬಿಳಿಯನಾದ ಮೇಲೆ ಹೆಂಡತಿಯೂ ಬಿಳಿಯಳೇ ಆಗಬೇಕಿತ್ತು. ಬೇರೆ ಬೇರೆ ಜನಾಂಗದವರ ದಾಂಪತ್ಯ ಹಾಲಿವುಡ್‌ನ ಅಂದಿನ ನೀತಿಸಂಹಿತೆಗೆ ಒಗ್ಗುತ್ತಿರಲಿಲ್ಲ. ಆಸ್ಕರ್ ರೈನರ್ ಪಾಲಾಯಿತು.

ಇಂಥ ಹಾಲಿವುಡ್‌ಗೆ 1950ರ ದಶಕದಲ್ಲಿ ಕಾಲಿಟ್ಟವರು ಜೇಮ್ಸ್ ಹಾಂಗ್. 1929ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಚೀನೀ ವಲಸಿಗರ ಮಗನಾಗಿ ಹುಟ್ಟಿದ ಅವರು ಓದಿದ್ದು ಸಿವಿಲ್ ಎಂಜಿನಿಯರಿಂಗ್. ಲಾಸ್ ಏಂಜಲೀಸ್ ಕೌಂಟಿಯಲ್ಲಿ ರಸ್ತೆ ಎಂಜಿನಿಯರ್ ಕೆಲಸವೂ ಇತ್ತು. ಅದನ್ನು ಬಿಟ್ಟು ಬಣ್ಣ ಹಚ್ಚಿದರು. 1957ರಲ್ಲಿ ಚೀನೀ ಪತ್ತೇದಾರ ಚಾರ್ಲಿ ಚಾನ್‌ನ ಟಿ.ವಿ. ಧಾರಾವಾಹಿಯಲ್ಲಿ ಹಿರಿಮಗನ ಪಾತ್ರ ದೊರೆಯಿತು. ಅಪ್ಪನಾಗಿ ನಟಿಸಿದವರು ಜೆ. ಕ್ಯಾರೊಲ್ ನೈಶ್, ಐರಿಶ್ ಮೂಲದವರು! ಮಗ ಅಸಲಿ, ಅಪ್ಪ ಮಾತ್ರ ಮೇಕಪ್ಪಿನ ಚೀನೀಯ.

ಮುಂದೆ ಬಂದದ್ದೆಲ್ಲ ಹೆಚ್ಚಾಗಿ ಪುಟ್ಟ ಪಾತ್ರಗಳೇ. 1974ರ ‘ಚೈನಾಟೌನ್’ ಎಂಬ ಹೆಸರಿನ ಚಿತ್ರದಲ್ಲೂ ಅವರದು ಮನೆಯ ಬಟ್ಲರ್ ಪಾತ್ರ. 1982ರ ‘ಬ್ಲೇಡ್ ರನ್ನರ್’ನಲ್ಲಿ ಕೊರೆಯುವ ಚಳಿಯ ಕೋಣೆಯಲ್ಲಿ ಕೂತು ಕೃತಕ ಮನುಷ್ಯರಿಗೆ ಕಣ್ಣು ತಯಾರಿಸುವ ಮುದುಕ, ಕೆಲವೇ ನಿಮಿಷ, ಆದರೂ ಮರೆಯುವಂತಿಲ್ಲ. 1991ರಲ್ಲಿ ‘ಸೈನ್‌ಫೆಲ್ಡ್’ನ ಒಂದು ಕಂತಿನಲ್ಲಿ ಗಿರಾಕಿಗಳನ್ನು ಕಾಯಿಸುತ್ತಲೇ ಇರುವ ಹೋಟೆಲಿನವ. ಮುಖ ಅಮೆರಿಕದ ಮನೆಮನೆಗೂ ಗೊತ್ತು. ಹೆಸರು ಕೇಳಿದರೆ ತಲೆ ಕೆರೆದುಕೊಳ್ಳಬೇಕು.

ಸಿಕ್ಕಿದ್ದನ್ನು ಬಿಡದೆ ಮಾಡಿದರು, ನಿಜ. ಆದರೆ ಸುಮ್ಮನೆ ಕೂರಲಿಲ್ಲ. 1965ರಲ್ಲಿ ನಟ ಮಾಕೊ ಮತ್ತಿತರರೊಂದಿಗೆ ‘ಈಸ್ಟ್ ವೆಸ್ಟ್ ಪ್ಲೇಯರ್ಸ್’ ರಂಗತಂಡ ಕಟ್ಟಿದರು. ಅದರ ಮೊದಲ ನಾಟಕ ‘ರಾಶೊಮೊನ್’. ತೆರೆಯ ಮೇಲೆ ಮಾಣಿಯೋ ಖಳನ ಬಂಟನೋ ಆಗಬೇಕಿದ್ದ ಏಷ್ಯಾ ಮೂಲದ ನಟ ಇಲ್ಲಿ ನಾಯಕನಾಗಬಹುದಿತ್ತು. ಹಾಂಗ್ ಅವರ ನೂರಾರು ಪಾತ್ರಗಳಿಗಿಂತ ಇದೇ ತೂಕದ ಕೆಲಸವೆನ್ನಬೇಕು.

ಹಾಲಿವುಡ್ ರಸ್ತೆಯ ತಾರಾಫಲಕದಲ್ಲಿ ಅವರ ಹೆಸರು ಕೂತದ್ದು 2022ರಲ್ಲಿ, 93ನೇ ವಯಸ್ಸಿಗೆ. ಅದೇ ವರ್ಷ ತೆರೆಕಂಡ ‘ಎವೆರಿಥಿಂಗ್ ಎವೆರಿವೇರ್ ಆಲ್ ಅಟ್ ಒನ್ಸ್’ನಲ್ಲಿ ಅವರು ನಾಯಕಿಯ ಅಪ್ಪ. ಮರುವರ್ಷ ಆ ಚಿತ್ರದ ಕಲಾವಿದರೆಲ್ಲರಿಗೆ ನಟರ ಸಂಘದ ಪ್ರಶಸ್ತಿ ಬಂದಾಗ ವೇದಿಕೆಯಲ್ಲಿ ಮಾತನಾಡಿದ 94ರ ಹಾಂಗ್, ಕಣ್ಣಿಗೆ ಟೇಪು ಅಂಟಿಸಿಕೊಂಡು ಚೀನೀಯರಾದ ‘ದಿ ಗುಡ್ ಅರ್ತ್’ ನಟರನ್ನು ನೆನೆದು ಸಭೆಯನ್ನು ನಗಿಸಿದರು. ಕೆಲವೇ ವಾರಗಳಲ್ಲಿ ಅವರ ತೆರೆಯ ಮಗಳು, ಮಲೇಷ್ಯಾದ ಮಿಶೆಲ್ ಯೋ, ಶ್ರೇಷ್ಠ ನಟಿ ಆಸ್ಕರ್ ಪಡೆದರು.