ಹುಸ್ಸೈಟರು

15ನೆಯ ಶತಮಾನದಲ್ಲಿ ಬೊಹೀಮಿಯದಲ್ಲಿ (ಇಂದಿನ ಚೆಕ್ ಗಣರಾಜ್ಯ) ತಲೆಯೆತ್ತಿದ ಕ್ರೈಸ್ತ ಸುಧಾರಣಾ ಚಳವಳಿಯ ಅನುಯಾಯಿಗಳು. ಪ್ರಾಗ್ ವಿಶ್ವವಿದ್ಯಾಲಯದ ಅಧ್ಯಾಪಕನೂ ಪಾದ್ರಿಯೂ ಆಗಿದ್ದ ಯಾನ್ ಹುಸ್‌ನಿಂದ (ಸು. 1370–1415) ಈ ಹೆಸರು ಬಂತು. ಇವರನ್ನು ಪ್ರಾಟೆಸ್ಟಂಟ್ ಸುಧಾರಕ ಲೂಥರನ ಮುಂಗಾಮಿಗಳೆಂದಷ್ಟೇ ಹೇಳಿ ಮುಗಿಸುವ ರೂಢಿಯಿದೆ. ಅದು ಅವರಿಗೆ ನ್ಯಾಯ ಒದಗಿಸುವುದಿಲ್ಲ.

ಹುಸ್ 1402ರಿಂದ ಪ್ರಾಗ್‌ನ ಬೆತ್ಲೆಹೆಮ್ ಮಂದಿರದಲ್ಲಿ ಜನರಾಡುವ ಚೆಕ್ ನುಡಿಯಲ್ಲೇ ಉಪದೇಶ ಮಾಡುತ್ತಿದ್ದ. ಇಂಗ್ಲೆಂಡಿನ ಚರ್ಚ್ ಸುಧಾರಕ ಜಾನ್ ವಿಕ್ಲಿಫ್‌ನ ಬರಹಗಳನ್ನು ಚೆನ್ನಾಗಿ ಓದಿಕೊಂಡಿದ್ದ. ಚರ್ಚಿನ ಐಶ್ವರ್ಯವನ್ನೂ 1412ರಲ್ಲಿ ಪಾಪವಿಮೋಚನಾ ಪತ್ರಗಳ ಮಾರಾಟವನ್ನೂ ಖಂಡಿಸಿದ. ದೊರೆ ಸಿಗಿಸ್ಮಂಡ್ ಕೊಟ್ಟ ಅಭಯಪತ್ರವನ್ನು ನಂಬಿ ಚರ್ಚಿನ ಕಾನ್‌ಸ್ಟೆನ್ಸ್ ಮಹಾಸಭೆಗೆ ಹೋದವನನ್ನು ಸೆರೆಹಿಡಿದರು. 1415ರ ಜುಲೈ 6ರಂದು ತಲೆಗೆ ದೆವ್ವಗಳ ಚಿತ್ರ ಬರೆದ ಕಾಗದದ ಟೋಪಿ ತೊಡಿಸಿ, ಕಂಬಕ್ಕೆ ಕಟ್ಟಿ ಸುಟ್ಟರು. ಕುರುಹೂ ಉಳಿಯದಿರಲೆಂದು ಬೂದಿಯನ್ನು ರೈನ್ ನದಿಗೆ ಚೆಲ್ಲಿದರು.

ಅನುಯಾಯಿಗಳ ಗುರುತು ಪಾನಪಾತ್ರೆ. ಆಗಿನ ಪೂಜೆಯಲ್ಲಿ ಸಾಮಾನ್ಯರಿಗೆ ರೊಟ್ಟಿ ಮಾತ್ರ, ದ್ರಾಕ್ಷಾರಸ ಪಾದ್ರಿಗೆ ಮೀಸಲು. ಎರಡೂ ಎಲ್ಲರಿಗೂ ಸಲ್ಲಬೇಕೆಂದು ಪಟ್ಟುಹಿಡಿದ ಹುಸ್ಸೈಟರು ಪಾತ್ರೆಯನ್ನೇ ಬಾವುಟದ ಮೇಲೆ ಬರೆದುಕೊಂಡರು. ಉಪದೇಶಕ್ಕೆ ಸ್ವಾತಂತ್ರ್ಯ, ಪಾದ್ರಿಗಳಿಗೆ ಆಸ್ತಿ ಅಧಿಕಾರ ಬೇಡ, ಘೋರ ಪಾಪಗಳಿಗೆ ಯಾರೇ ಆಗಲಿ ಶಿಕ್ಷೆ – ಇವೂ ಸೇರಿ 1420ರ ‘ಪ್ರಾಗ್‌ನ ನಾಲ್ಕು ಬೇಡಿಕೆ’ಗಳಾದವು.

ಇವರ ಮೇಲೆ 1420–31ರ ನಡುವೆ ಧರ್ಮಯುದ್ಧಗಳು ಒಂದರ ಮೇಲೊಂದು ನಡೆದವು. ಹುಸ್ಸೈಟರ ದಂಡನಾಯಕ ಯಾನ್ ಜಿಷ್ಕ ಎರಡು ಕಣ್ಣೂ ಕಳೆದುಕೊಂಡ ಮೇಲೂ ಸೋಲು ಕಾಣಲಿಲ್ಲ. ಗಾಡಿಗಳನ್ನು ಸಾಲಾಗಿ ನಿಲ್ಲಿಸಿ, ಸರಪಳಿಯಿಂದ ಬಿಗಿದು ಕೋಟೆ ಮಾಡುವುದು ಅವನ ಉಪಾಯ. ಒಳಗೆ ಕೈಬಂದೂಕು, ಕಾಳು ಬಡಿಯುವ ಕೋಲಿಗೆ ಕಬ್ಬಿಣದ ಮುಳ್ಳು ಕಟ್ಟಿಕೊಂಡ ರೈತರು. ಎದುರಿಗೆ ಕವಚ ತೊಟ್ಟ ಕುದುರೆ ಸವಾರರು. ಈ ಯುದ್ಧಗಳ ಕೊನೆಯ ವರ್ಷಗಳಲ್ಲಿ ನಮ್ಮಲ್ಲಿ ವಿಜಯನಗರವನ್ನು ಎರಡನೆಯ ದೇವರಾಯ ಆಳುತ್ತಿದ್ದ.

ಹೊರಗಿನವರಿಂದ ಆಗದ್ದು ಒಳಗಿನವರಿಂದಾಯಿತು. 1434ರಲ್ಲಿ ಲಿಪಾನಿಯಲ್ಲಿ ಹುಸ್ಸೈಟರಲ್ಲೇ ಸೌಮ್ಯ ಪಂಗಡದವರು ಕ್ಯಾಥೊಲಿಕರ ಜೊತೆ ಸೇರಿ ತಾಬೋರ್ ಪಂಗಡದ ಉಗ್ರರನ್ನು ಸದೆಬಡಿದರು. ಇತ್ತ 1433ರಿಂದ ಬಾಸೆಲ್ ಮಹಾಸಭೆಯಲ್ಲಿ ನಡೆದಿದ್ದ ಮಾತುಕತೆ 1436ರಲ್ಲಿ ಒಪ್ಪಂದವಾಗಿ, ಪಾನಪಾತ್ರೆ ಜನರಿಗೆ ದಕ್ಕಿತು. ಧರ್ಮದ್ರೋಹಿಗಳೆಂದು ಕರೆದವರ ಜೊತೆಯಲ್ಲೇ ಚರ್ಚು ಕೂತು ಮಾತಾಡಬೇಕಾಗಿ ಬಂದದ್ದು ಹುಸ್ಸೈಟರ ನಿಜವಾದ ಗೆಲುವು. 1462ರಲ್ಲಿ ಪೋಪ್ ಎರಡನೆಯ ಪಯಸ್ ಒಪ್ಪಂದವನ್ನು ರದ್ದುಮಾಡಿದ.

ಆಯುಧ ಬೇಡವೆಂದ ಒಂದು ಸಣ್ಣ ಗುಂಪು 1457ರಲ್ಲಿ ‘ಸಹೋದರ ಸಂಘ’ ಕಟ್ಟಿತು. ಶಿಕ್ಷಣತಜ್ಞ ಕೊಮೇನಿಯಸ್ ಅದರ ಬಿಷಪ್ಪನಾಗಿದ್ದ. 1620ರಲ್ಲಿ ಬೊಹೀಮಿಯದ ಪ್ರಾಟೆಸ್ಟಂಟರು ಕ್ಯಾಥೊಲಿಕರಿಗೆ ಸೋತ ಬಳಿಕ ಚದುರಿದ ಈ ಪರಂಪರೆ 1722ರಿಂದ ಜರ್ಮನಿಯ ಹೆರ್ನ್‌ಹುಟ್‌ನಲ್ಲಿ ಮೊರೇವಿಯನ್ ಚರ್ಚಾಗಿ ಚಿಗುರಿತು. ಲಡಾಖಿನ ಲೇಹ್‌ನಲ್ಲಿ 1885ರಿಂದ ಅದರ ನೆಲೆಯಿದೆ.

ಕರ್ನಾಟಕಕ್ಕೆ ಹುಸ್ಸೈಟರ ನಂಟು ಬಳಸು ದಾರಿಯದು. ಅದೇ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಅದರ ಹಿಂದಿದ್ದ ಕ್ರೈಸ್ತ ಭಕ್ತಿಪಂಥದ (ಪಯೆಟಿಸಂ) ಮೇಲೆ ಮೊರೇವಿಯನರ ಪ್ರಭಾವವಿತ್ತು. ‘ಮಂಗಳೂರ ಸಮಾಚಾರ’ (1843), ಕಿಟ್ಟೆಲ್ ನಿಘಂಟು (1894) ಈ ಮಿಷನ್ನಿನವು. ಮಂಗಳೂರು ಹೆಂಚಿಗೆ 1865ರಲ್ಲಿ ಕಾರ್ಖಾನೆ ತೆರೆದದ್ದೂ ಅದೇ. ಆದರೆ ಹುಸ್‌ನಿಂದ ಹೆಂಚಿನವರೆಗೆ ನೇರ ಗೆರೆ ಎಳೆಯುವುದು ಅತಿಯಾದೀತು.

1999ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಹುಸ್‌ನ ಕ್ರೂರ ಸಾವಿಗೆ ವಿಷಾದ ವ್ಯಕ್ತಪಡಿಸಿದರು. ಜುಲೈ 6 ಚೆಕ್ ಗಣರಾಜ್ಯದಲ್ಲಿ ಸರಕಾರಿ ರಜೆ.